ಮೂರನೆಯವರಿಗೆ ಹಾಕಿದ ವೋಟು ವೇಸ್ಟಾ?

ಹಾಸ್ಟೆಲ್‌ನಲ್ಲಿ ಭಾನುವಾರದ ತಿಂಡಿಗೆ ವೋಟಿಂಗ್ ಇಟ್ಟರು ಅಂದ್ಕೊಳ್ಳಿ. ಒಟ್ಟು 100 ಜನ. ಉಪ್ಪಿಟ್ಟಿಗೆ 40, ಮಸಾಲೆ ದೋಸೆಗೆ 38, ಸೆಟ್ ದೋಸೆಗೆ 22. ದೋಸೆ ಬೇಕು ಅಂದವರು 60 ಜನ, ಆದರೆ ತಟ್ಟೆಗೆ ಬೀಳೋದು ಕಾಂಕ್ರೀಟು! ಆಮೇಲೆ ಮಸಾಲೆ ದೋಸೆಯವರು ಸೆಟ್ ದೋಸೆಯವರ ಮೇಲೆ ಮುಗಿಬೀಳ್ತಾರೆ: "ನಿಮ್ಮಿಂದಲೇ ಕಣ್ರೋ ಹೀಗಾಗಿದ್ದು!"

ಅಮೆರಿಕದಲ್ಲಿ ಇಂಥದ್ದೇ ಜಗಳ 2000ದಿಂದ ನಡೀತಾ ಇದೆ. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್, ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ಎದುರಾಳಿಗಳು. ಗ್ರೀನ್ ಪಕ್ಷದಿಂದ ರಾಲ್ಫ್ ನೇಡರ್ ಕೂಡ ನಿಂತಿದ್ದರು. ಅಲ್ಲಿ ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಲೆಕ್ಟೋರಲ್ ಮತಗಳಿವೆ. 48 ರಾಜ್ಯಗಳಲ್ಲಿ ಒಂದೇ ಒಂದು ವೋಟು ಹೆಚ್ಚು ಬಂದರೂ ಅಷ್ಟೂ ಮತ ಗೆದ್ದವರಿಗೇ. ಅಧ್ಯಕ್ಷರಾಗಲು 270 ಬೇಕು. ಕೊನೆಗೆ ಎಲ್ಲವೂ ಫ್ಲಾರಿಡಾದ 25 ಮತಗಳ ಮೇಲೆ ನಿಂತಿತು. ಅಲ್ಲಿ ಬುಷ್ ಗೆದ್ದ ಅಂತರ 537 ವೋಟು. ನೇಡರ್‌ಗೆ ಬಿದ್ದದ್ದು 97,488! ಬುಷ್ 271ಕ್ಕೆ ತಲುಪಿದರು.

"ನೇಡರ್‌ಗೆ ಹಾಕಿದವರೇ ಬುಷ್‌ನ ಗೆಲ್ಲಿಸಿದರು" ಅನ್ನೋ ಮಾತು ಅಲ್ಲಿಂದ ಶುರು. ಇದು ಅರ್ಧ ಸತ್ಯ. ಅವರೆಲ್ಲ ಗೋರ್‌ಗೇ ಹಾಕ್ತಿದ್ದರು ಅಂತೇನಿಲ್ಲ, ಕೆಲವರು ಬೂತಿಗೇ ಬರ್ತಿರಲಿಲ್ಲ. ಇನ್ನೊಂದು ಕಡೆ, ಬಲಪಂಥೀಯ ಪ್ಯಾಟ್ ಬುಕಾನನ್ ಕೂಡ ಫ್ಲಾರಿಡಾದಲ್ಲಿ ಸುಮಾರು 17 ಸಾವಿರ ವೋಟು ಪಡೆದಿದ್ದರು.

ಹಾಗಾದ್ರೆ ಮೂರನೆಯವರು ಬೆಳೆಯೋದೇ ಇಲ್ವಾ? 1992ರಲ್ಲಿ ರಾಸ್ ಪೆರೋ ದೇಶಾದ್ಯಂತ ನೂರಕ್ಕೆ ಸುಮಾರು 19ರಷ್ಟು ವೋಟು ಪಡೆದರು. ಸಿಕ್ಕ ಎಲೆಕ್ಟೋರಲ್ ಮತ: ಸೊನ್ನೆ. ಯಾಕಂದ್ರೆ ಒಂದು ರಾಜ್ಯದಲ್ಲೂ ಮೊದಲ ಸ್ಥಾನ ಬರಲಿಲ್ಲ. ಹೀಗೆ ಹೆಚ್ಚು ವೋಟು ಬಂದವರಿಗೇ ಎಲ್ಲವೂ ಅನ್ನೋ ಪದ್ಧತಿ ಇದ್ದಲ್ಲಿ ಎರಡೇ ಪಕ್ಷ ಉಳಿಯುವ ಒಲವು ಇರುತ್ತೆ ಅಂತ ಫ್ರಾನ್ಸ್‌ನ ಮಾರಿಸ್ ಡುವರ್ಜೆ ಹೇಳಿದ್ದರು. ಜನ ಇಷ್ಟದವರನ್ನು ಬಿಟ್ಟು, 'ಗೆಲ್ಲಬಲ್ಲವರಲ್ಲಿ ಯಾರು ಪರವಾಗಿಲ್ಲ' ಅಂತ ನೋಡ್ತಾರೆ.

ಇದಕ್ಕೊಂದು ಪರಿಹಾರವನ್ನು ಮೇನ್ ರಾಜ್ಯ ಬಳಸ್ತಾ ಇದೆ. ಅಲ್ಲಿ ಒಬ್ಬರಿಗಷ್ಟೇ ಗುರುತು ಹಾಕಬೇಕಾಗಿಲ್ಲ, 1, 2, 3 ಅಂತ ಕ್ರಮ ಕೊಡಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ಕೊನೆಯಲ್ಲಿರುವವರನ್ನು ತೆಗೆದು ಅವರ ವೋಟುಗಳನ್ನು ಮುಂದಿನ ಆಯ್ಕೆಗೆ ಸೇರಿಸ್ತಾರೆ. ನಮ್ಮ ಲೆಕ್ಕದಲ್ಲಿ ಸೆಟ್ ದೋಸೆಯ 22 ವೋಟಿನ ಎರಡನೇ ಆಯ್ಕೆ ಮಸಾಲೆ ದೋಸೆಯಾದರೆ, 60-40ರಲ್ಲಿ ದೋಸೆ ಗೆದ್ದಂತೆ. 2018ರಲ್ಲಿ ಮೇನ್‌ನ ಒಂದು ಕ್ಷೇತ್ರದಲ್ಲಿ ಮೊದಲ ಸುತ್ತಿಗೆ ಸುಮಾರು 2 ಸಾವಿರ ವೋಟು ಹಿಂದಿದ್ದ ಜೇರೆಡ್ ಗೋಲ್ಡನ್ ಹೀಗೇ ಗೆದ್ದು ಸಂಸತ್ತಿಗೆ ಹೋದರು.

ಎಲ್ಲ ಕಡೆ ಹೀಗಿಲ್ಲವಲ್ಲ, ಅಲ್ಲೀತನಕ ಏನು ಮಾಡೋದು? ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತಿರುವ ಕ್ಯಾಲಿಫೋರ್ನಿಯಾದಂಥ ಕಡೆ, ಮೂರನೆಯವರಿಗೆ ಹಾಕಿದ ವೋಟಿನಿಂದ ಫಲಿತಾಂಶ ಬದಲಾಗಲ್ಲ, ಆದರೆ ಒಂದು ಮಾತು ದಾಖಲಾಗುತ್ತೆ. ಪೈಪೋಟಿ ಬಿಗಿಯಾಗಿರುವ ಕಡೆ ಅದೇ ವೋಟಿಗೆ ಬೆಲೆ ತೆರಬೇಕಾಗಬಹುದು. ಆ ಬೆಲೆ ಒಪ್ಪಿಗೆಯಾ ಇಲ್ಲವಾ ಅನ್ನೋದು ಮತದಾರರ ತೀರ್ಮಾನ.

ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲೂ ಕ್ಷೇತ್ರದಲ್ಲಿ ಹೆಚ್ಚು ವೋಟು ಬಂದವರೇ ಗೆಲ್ಲೋದು, ಅರ್ಧ ದಾಟಬೇಕಿಲ್ಲ. ಆದ್ದರಿಂದ "ನಿನ್ನ ವೋಟು ವೇಸ್ಟು" ಅಂತ ಗೆಳೆಯರನ್ನು ಬೈಯುವ ಮುಂಚೆ, ಎಣಿಸೋ ವಿಧಾನ ಎಂಥದ್ದು ಅಂತ ಒಮ್ಮೆ ನೋಡಿ. ವೋಟನ್ನು ವೇಸ್ಟ್ ಮಾಡೋದು ಎಷ್ಟೋ ಸಲ ಅದೇ.