ಎರವಿನ ಕಾರು: ಸೌಜನ್ಯವೋ, ಹಕ್ಕೋ?

ಯಂತ್ರವು ಎಷ್ಟೇ ಉತ್ತಮವಾಗಿರಲಿ, ಕಾಲಕಾಲಕ್ಕೆ ಅದರ ಆರೈಕೆ ನಡೆಯಲೇಬೇಕು. ಕಾರನ್ನು ಕೊಂಡವರು ವರ್ಷಕ್ಕೊಮ್ಮೆಯೋ, ಹತ್ತು ಸಾವಿರ ಕಿಲೋಮೀಟರು ಓಡಿದಾಗಲೋ ಅದನ್ನು ಡೀಲರರ ವರ್ಕ್‌ಷಾಪಿಗೆ ಒಯ್ದು ಸರ್ವೀಸು ಮಾಡಿಸುವುದು ವಾಡಿಕೆ. ಬೆಳಗ್ಗೆ ಒಳಗೆ ಹೋದ ಕಾರು ಹೊರಗೆ ಬರುವುದು ಸಾಮಾನ್ಯವಾಗಿ ಸಂಜೆಗೆ. ಅಷ್ಟರಲ್ಲಿ ಒಡೆಯನು ಕಚೇರಿಗೆ ಹೋಗಿಬರಬೇಕು, ಮಕ್ಕಳನ್ನು ಶಾಲೆಯಿಂದ ಕರೆತರಬೇಕು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಒಂದು ದಿನದ ಕೊರತೆಯನ್ನು ತುಂಬಲು ಡೀಲರನು ತನ್ನದೇ ಒಂದು ಕಾರನ್ನು ಗಿರಾಕಿಯ ಬಳಕೆಗೆ ಕೊಡುವ ಪದ್ಧತಿಯು ಕೆಲವು ದೇಶಗಳಲ್ಲಿ ಬೆಳೆದು ಬಂದಿದೆ. ಬ್ರಿಟನ್ನಿನಲ್ಲಿ ಇದನ್ನು ‘ಕರ್ಟೆಸಿ ಕಾರ್’ ಎಂದೂ, ಅಮೆರಿಕದಲ್ಲಿ ‘ಲೋನರ್’ ಎಂದೂ ಕರೆಯುತ್ತಾರೆ. ಮೊದಲನೆಯ ಹೆಸರು ಸೌಜನ್ಯವನ್ನು ಹೇಳುತ್ತದೆ. ಎರಡನೆಯದು ಸಾಲವನ್ನು ಹೇಳುತ್ತದೆ. ಈ ಲೇಖನದಲ್ಲಿ ನಾನು ‘ಎರವಿನ ಕಾರು’ ಎಂಬ ಮಾತನ್ನು ಬಳಸಿದ್ದೇನೆ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೇ ಎಂದು ಯಾರಾದರೂ ಕೇಳಬಹುದು. ಆದರೆ ಅರ್ಥಶಾಸ್ತ್ರವನ್ನು ಓದುವ ನಮಗೆ ಪುಕ್ಕಟೆಯಾಗಿ ಬಂದದ್ದು ಯಾವುದೇ ಇರಲಿ, ಅದರ ಬೆಲೆಯನ್ನು ತೆರುವವರು ಯಾರೆಂದು ಕೇಳುವುದು ಕರ್ತವ್ಯ. ಆ ಪ್ರಶ್ನೆಗೆ ಈ ಸಣ್ಣ ಪದ್ಧತಿಯು ಒಳ್ಳೆಯ ಉದಾಹರಣೆಯಾಗಿದೆ.

ಮೊದಲು, ಕಾರು ದಿನವಿಡೀ ವರ್ಕ್‌ಷಾಪಿನಲ್ಲಿ ಇರುವುದೇಕೆ ಎಂಬುದನ್ನು ನೋಡೋಣ. ಸಾಧಾರಣ ಸರ್ವೀಸಿನಲ್ಲಿ ಎಂಜಿನ್ ಆಯಿಲ್ ಮತ್ತು ಫಿಲ್ಟರುಗಳನ್ನು ಬದಲಾಯಿಸುವುದು, ಬ್ರೇಕು, ಟೈರು, ಬ್ಯಾಟರಿಗಳನ್ನು ಪರೀಕ್ಷಿಸುವುದು, ಕೊನೆಗೆ ತೊಳೆಯುವುದು ಇವೇ ಮುಖ್ಯ ಕೆಲಸಗಳು. ಮೆಕ್ಯಾನಿಕ್ಕನ ಕೈ ನಿಜವಾಗಿ ಕೆಲಸ ಮಾಡುವುದು ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ಕಾರು ಸರದಿಯಲ್ಲಿ ನಿಂತಿರುತ್ತದೆ: ಜಾಬ್ ಕಾರ್ಡು ಬರೆಯಲು ಒಂದು ಸರದಿ, ಕಾರನ್ನು ಎತ್ತುವ ಲಿಫ್ಟಿಗೆ ಒಂದು ಸರದಿ, ಬಿಡಿಭಾಗಕ್ಕೆ ಒಂದು, ತೊಳೆಯುವ ಜಾಗಕ್ಕೆ ಇನ್ನೊಂದು. ಬೆಳಗ್ಗೆ ಒಂಬತ್ತಕ್ಕೇ ಎಲ್ಲರ ಕಾರುಗಳೂ ಬಂದು ಸೇರುವುದರಿಂದ ಈ ಸರದಿ ಉದ್ದವಾಗುತ್ತದೆ. ಆದುದರಿಂದ ಗಿರಾಕಿಯು ಕಳೆದುಕೊಳ್ಳುವ ದಿನದಲ್ಲಿ ಹೆಚ್ಚಿನ ಪಾಲು ಕೆಲಸಕ್ಕೆ ಹೋಗುವುದಲ್ಲ, ಕಾಯುವುದಕ್ಕೆ ಹೋಗುವುದು. ಈ ಮಾತನ್ನು ಮುಂದೆ ನೆನಪಿಡಬೇಕು.

ಬ್ರಿಟನ್ನಿನಲ್ಲಿ ಎರವಿನ ಕಾರನ್ನು ಪಡೆಯುವ ಕ್ರಮವು ಹೀಗಿದೆ. ಸರ್ವೀಸಿಗೆ ದಿನ ಗೊತ್ತುಮಾಡುವಾಗಲೇ ಅದನ್ನು ಕೇಳಬೇಕು. ಕಾರುಗಳು ಕೆಲವೇ ಇರುವುದರಿಂದ ಮೊದಲು ಕೇಳಿದವರಿಗೆ ಮೊದಲು. ಚಾಲನಾ ಪರವಾನಗಿಯನ್ನು ತೋರಿಸಬೇಕು. 2015ರ ಜೂನ್ 8ರಂದು ಅಲ್ಲಿ ಪರವಾನಗಿಯ ಕಾಗದದ ಭಾಗವನ್ನು ರದ್ದುಮಾಡಿದ ಮೇಲೆ, ಚಾಲಕನ ದಾಖಲೆಯನ್ನು ಪರಿಶೀಲಿಸಲು 21 ದಿನಗಳ ಕಾಲ ಊರ್ಜಿತವಾಗಿರುವ ಒಂದು ಸಂಕೇತಾಕ್ಷರವನ್ನು ಸರ್ಕಾರದ ಇಲಾಖೆಯಿಂದ ಪಡೆದು ಕೊಡಬೇಕಾಗಬಹುದು. ಪೆಟ್ರೋಲನ್ನು ಪಡೆದಷ್ಟೇ ತುಂಬಿಸಿ ಹಿಂದಿರುಗಿಸಬೇಕು. ಕಾರಿಗೆ ಪೆಟ್ಟು ಬಿದ್ದರೆ, ವಿಮೆ ಇದ್ದರೂ ರಿಪೇರಿಯ ವೆಚ್ಚದಲ್ಲಿ ಒಂದು ಗೊತ್ತಾದ ಮೊತ್ತವನ್ನು ಪಡೆದವನೇ ತೆರಬೇಕಾಗುವುದುಂಟು. ವಿಮೆಯ ಕಾರಣದಿಂದ ವಯಸ್ಸಿನ ಮಿತಿಯೂ ಇರುತ್ತದೆ. ಅನೇಕ ಕಡೆ 21, ಕೆಲವೆಡೆ 25 ವರ್ಷ ತುಂಬಿರಬೇಕು. ನನ್ನಂಥ ಇಪ್ಪತ್ತರ ಹರೆಯದವರಿಗೆ ಕೀಲಿಕೈ ಸಿಕ್ಕುವುದು ದುರ್ಲಭ! ಹೀಗೆ ಹೆಸರು ಸೌಜನ್ಯವಾದರೂ, ಒಳಗಿರುವುದು ರುಜು ಹಾಕಿದ ಒಂದು ಕರಾರು.

ನಮ್ಮ ಹಳ್ಳಿಗಳಿಗೆ ಎರವು ಹೊಸದಲ್ಲ. ಉಳುವ ಹೊತ್ತಿನಲ್ಲಿ ಎತ್ತು ಕುಂಟಿದರೆ ನೆರೆಯವನ ಎತ್ತನ್ನು ಕೇಳಿ ಹೂಡುತ್ತಿದ್ದರು. ಅವನ ನಾಟಿಗೋ ಕೊಯ್ಲಿಗೋ ಮುಯ್ಯಾಳಾಗಿ ಹೋಗಿ ಋಣವನ್ನು ತೀರಿಸುತ್ತಿದ್ದರು. ಅಲ್ಲಿ ಕಾಗದವಿರಲಿಲ್ಲ, ಆದರೆ ಲೆಕ್ಕವಿತ್ತು, ಅದು ಇಬ್ಬರಿಗೂ ತಿಳಿದಿತ್ತು. ವ್ಯಾಪಾರದ ಎರವಿನಲ್ಲಿ ಕಾಗದವಿದೆ. ಲೆಕ್ಕ ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಇನ್ನು, ಈ ಪದ್ಧತಿಯ ಮೇಲೆ ಜನರ ನಿರೀಕ್ಷೆಯು ಹೇಗೆ ಬೆಳೆಯಿತು ಎಂಬುದಕ್ಕೆ ಬರೋಣ. ಟೊಯೋಟಾ ಕಂಪನಿಯು 1989ರಲ್ಲಿ ಅಮೆರಿಕದಲ್ಲಿ ‘ಲೆಕ್ಸಸ್’ ಎಂಬ ಹೆಸರಿನ ದುಬಾರಿ ಕಾರುಗಳ ಮಾರಾಟವನ್ನು ಪ್ರಾರಂಭಿಸಿತು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ, ದೋಷವೊಂದು ಕಂಡುಬಂದು ಮಾರಿದ ಸುಮಾರು 8,000 ಕಾರುಗಳನ್ನು ಸರಿಪಡಿಸಿಕೊಡಬೇಕಾಯಿತು. ಹೊಸ ಹೆಸರಿಗೆ ಇದು ಮುಳುಗುವ ಗಳಿಗೆ. ಆದರೆ ಕಂಪನಿಯು ಗಿರಾಕಿಗಳ ಮನೆಗಳಿಂದಲೇ ಕಾರುಗಳನ್ನು ತರಿಸಿ, ಸರಿಪಡಿಸಿ, ಮತ್ತೆ ಮನೆಗೆ ಮುಟ್ಟಿಸಿತು. ದೂರದ ಊರುಗಳಿಗೆ ಕೆಲಸಗಾರರನ್ನು ವಿಮಾನದಲ್ಲಿ ಕಳುಹಿಸಿತು. ಸುಮಾರು 20 ದಿನಗಳಲ್ಲಿ ಕೆಲಸ ಮುಗಿಯಿತು. ಕೆಟ್ಟ ಹೆಸರು ಬರಬೇಕಾದ ಕಡೆ ಒಳ್ಳೆಯ ಹೆಸರು ಬಂದಿತು. ಕಾರಿನ ಗುಣದಷ್ಟೇ ಸರ್ವೀಸಿನ ಗುಣವೂ ಗಿರಾಕಿಯನ್ನು ಹಿಡಿದಿಡುತ್ತದೆ ಎಂಬ ಪಾಠವನ್ನು ವ್ಯಾಪಾರಿಗಳು ಇಂಥ ಪ್ರಸಂಗಗಳಿಂದ ಕಲಿತರು.

ಆದರೆ ಗಿರಾಕಿಗಳೂ ಒಂದು ಪಾಠವನ್ನು ಕಲಿತರು. ಜಪಾನಿನ ಪ್ರಾಧ್ಯಾಪಕ ನೊರಿಯಾಕಿ ಕಾನೋ ಅವರು 1984ರಲ್ಲಿ ತಮ್ಮ ಸಂಗಡಿಗರೊಡನೆ ಪ್ರಕಟಿಸಿದ ಸಿದ್ಧಾಂತವು ಇಲ್ಲಿ ಉಪಯುಕ್ತವಾಗಿದೆ. ಅವರ ಪ್ರಕಾರ ವಸ್ತುವಿನ ಗುಣಗಳಲ್ಲಿ ಭೇದಗಳಿವೆ. ಕೆಲವು ಗುಣಗಳು ಇದ್ದರೆ ಸಂತೋಷ, ಇಲ್ಲದಿದ್ದರೆ ದುಃಖವಿಲ್ಲ. ಇವು ಆಕರ್ಷಕ ಗುಣಗಳು. ಕೆಲವು ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಮಾತ್ರ ಕೋಪ; ಇವು ಅನಿವಾರ್ಯ ಗುಣಗಳು. ಇಂದಿನ ಆಕರ್ಷಕ ಗುಣವು ಕಾಲಕ್ರಮದಲ್ಲಿ ಅನಿವಾರ್ಯ ಗುಣವಾಗುವುದುಂಟು. ಮೊದಲ ವರ್ಷ ಎರವಿನ ಕಾರು ಸಿಕ್ಕಿದಾಗ ಗಿರಾಕಿ ಹಿಗ್ಗುತ್ತಾನೆ. ಎರಡನೆಯ ವರ್ಷ ಸಿಗುವುದೆಂದೇ ನಂಬಿ ಬರುತ್ತಾನೆ. ಮೂರನೆಯ ವರ್ಷ ಸಿಕ್ಕದಿದ್ದರೆ ಮೋಸಹೋದೆನೆಂದು ಜಗಳವಾಡುತ್ತಾನೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯ ಅನುಭವವು ಡೀಲರನಿಗೂ ಆಗುತ್ತದೆ.

ಝೈಥಮಲ್, ಬೆರಿ, ಪರಶುರಾಮನ್ ಎಂಬ ಮೂವರು ವಿದ್ವಾಂಸರು 1993ರಲ್ಲಿ ಇದೇ ವಿಷಯವನ್ನು ಬೇರೊಂದು ಬಗೆಯಲ್ಲಿ ವಿವರಿಸಿದರು. ಗಿರಾಕಿಯ ಮನಸ್ಸಿನಲ್ಲಿ ಎರಡು ಮಟ್ಟಗಳಿರುತ್ತವೆ: ‘ಹೀಗಿದ್ದರೆ ಚೆನ್ನ’ ಎಂಬುದೊಂದು, ‘ಇಷ್ಟಾದರೂ ಇರಲಿ’ ಎಂಬುದಿನ್ನೊಂದು. ನಡುವಿನ ಅಂತರವೇ ಸಹನೆಯ ವಲಯ. ಯಾವ ಮಾತನ್ನೂ ಕೊಡದ ಅಂಗಡಿಯಲ್ಲಿ ನಾವು ಬಸ್ಸು ಹತ್ತಿ ಮನೆಗೆ ಹೋಗುತ್ತೇವೆ, ಬೇಸರವಿಲ್ಲ. ಕಾರು ಕೊಡುವೆನೆಂದು ಹೇಳಿ ಕೊಡದ ಅಂಗಡಿಯಲ್ಲಿ ಅದೇ ಬಸ್ಸಿನ ಪ್ರಯಾಣವು ಅವಮಾನವೆನಿಸುತ್ತದೆ.

ಹಾಗಾದರೆ ಇದರ ವೆಚ್ಚವೆಷ್ಟು? ಉದಾಹರಣೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ಮಾಡೋಣ. ಒಂದು ವರ್ಕ್‌ಷಾಪಿಗೆ ದಿನಕ್ಕೆ 30 ಕಾರುಗಳು ಬರುತ್ತವೆ. ಎರವಿಗೆಂದು ಇಟ್ಟಿರುವ ಕಾರುಗಳು 3. ಸವಕಳಿ, ಬಡ್ಡಿ, ವಿಮೆ, ರಿಪೇರಿ ಎಲ್ಲ ಸೇರಿ ಒಂದೊಂದು ಕಾರಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ ಖರ್ಚೆಂದು ಇಟ್ಟುಕೊಂಡರೆ, ಒಟ್ಟು 6 ಲಕ್ಷ. ವರ್ಷಕ್ಕೆ 300 ಕೆಲಸದ ದಿನಗಳಾದರೆ ದಿನವೊಂದಕ್ಕೆ 2,000 ರೂಪಾಯಿ. ಇದನ್ನು ಬಳಸಿದ ಮೂವರ ಮೇಲೆಯೇ ಹಾಕಿದರೆ ತಲೆಗೆ ಸುಮಾರು 667 ರೂಪಾಯಿ. ಅಷ್ಟನ್ನು ಯಾರೂ ಸೌಜನ್ಯವೆನ್ನರು. ಆದುದರಿಂದ ಅದು ಕೂಲಿಯ ದರದಲ್ಲಿ ಬೆರೆತು, ಮೂವತ್ತು ಜನರ ಬಿಲ್ಲಿನಲ್ಲೂ ಸುಮಾರು 67 ರೂಪಾಯಿಯಾಗಿ ಹಂಚಿಹೋಗುತ್ತದೆ. ಎಂದರೆ, ಕಾರನ್ನು ಬಿಟ್ಟು ಬಸ್ಸಿನಲ್ಲಿ ಹೋದ 27 ಜನರು, ಎರವಿನ ಕಾರಿನಲ್ಲಿ ಹೋದ ಮೂವರ ಪ್ರಯಾಣಕ್ಕೆ ಹಣ ತೆತ್ತಂತಾಯಿತು. ಅಂಕಿಗಳು ನನ್ನವು, ಆದರೆ ಹಂಚಿಕೆಯ ಈ ನ್ಯಾಯವು ಎಲ್ಲ ‘ಉಚಿತ’ಗಳಿಗೂ ಅನ್ವಯಿಸುತ್ತದೆ.

ಕಾನೂನು ಏನು ಹೇಳುತ್ತದೆ? ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯು, ಸೇವೆಯನ್ನು ತಕ್ಕ ಎಚ್ಚರ ಮತ್ತು ಕುಶಲತೆಯಿಂದ, ಕಾಲವನ್ನು ಗೊತ್ತುಮಾಡಿರದಿದ್ದರೆ ಯುಕ್ತವಾದ ಕಾಲದಲ್ಲಿ ಮಾಡಿಕೊಡಬೇಕೆಂದು ವಿಧಿಸುತ್ತದೆ. ಸಾಧಾರಣ ಸರ್ವೀಸಿಗೆ ಬದಲಿ ಕಾರನ್ನು ಕೊಡಲೇಬೇಕೆಂದು ಹೇಳುವುದಿಲ್ಲ. ನಮ್ಮ ದೇಶದಲ್ಲಿ 1986ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಇಂಥ ಹಕ್ಕನ್ನು ಹೆಸರಿಸಿಲ್ಲ. ಅಷ್ಟೇ ಅಲ್ಲ, ಉಚಿತವಾಗಿ ಮಾಡಿದ ಸೇವೆಯನ್ನು ಅದು ‘ಸೇವೆ’ಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಆದರೆ ಕರಾರಿನಂತೆ ಮಾಡಿಕೊಡುವೆನೆಂದು ಒಪ್ಪಿಕೊಂಡ ಕೆಲಸದಲ್ಲಿನ ಲೋಪವನ್ನು ಅದು ಸೇವಾನ್ಯೂನತೆ ಎಂದು ಗಣಿಸುತ್ತದೆ. ಆದುದರಿಂದ ಬಾಯಿಮಾತಿನ ಸೌಜನ್ಯಕ್ಕೂ, ಬಿಲ್ಲಿನಲ್ಲೋ ಒಪ್ಪಂದದಲ್ಲೋ ಬರೆದುಕೊಟ್ಟ ಭರವಸೆಗೂ ಬಹಳ ವ್ಯತ್ಯಾಸವಿದೆ. ನಮ್ಮಲ್ಲಿ ಕೆಲವು ವಿಮಾ ಕಂಪನಿಗಳು ಕಾರು ಗ್ಯಾರೇಜಿನಲ್ಲಿರುವ ದಿನಗಳಿಗೆ ಭತ್ಯವನ್ನು ಕೊಡುತ್ತವೆ. ಆದರೆ ಅದು ಅಪಘಾತದಂಥ ಕ್ಲೇಮುಗಳಿಗೆ ಮಾತ್ರ, ವಾಡಿಕೆಯ ಸರ್ವೀಸಿಗಲ್ಲ. ಭಾರತದಲ್ಲಿ ಹೆಚ್ಚು ಕಾಣುವುದು ಕಾರನ್ನು ಮನೆಯಿಂದ ಒಯ್ದು ಮನೆಗೆ ತಂದುಬಿಡುವ ಕ್ರಮ.

ಇಲ್ಲಿ ಒಂದು ವೈಯಕ್ತಿಕ ವಿಷಯವನ್ನು ಹೇಳುವುದು ಅವಶ್ಯಕ. ನನ್ನ ಅಣ್ಣನವರು ಸಾಲದಲ್ಲಿ ಕೊಂಡ ಬಾಡಿಗೆ ಕಾರನ್ನು ಓಡಿಸುತ್ತಾರೆ. ಆ ದುಡಿಮೆಯಿಂದಲೇ ನನ್ನ ಕಾಲೇಜಿನ ಫೀಜು ಸಲ್ಲುತ್ತದೆ. ಅವರ ಕಾರು ಬಹಳ ಓಡುವುದರಿಂದ ಸರ್ವೀಸು ವರ್ಷಕ್ಕೆ ಐದಾರು ಸಲ ಬರುತ್ತದೆ. ಒಂದೊಂದು ಸಲಕ್ಕೂ ಒಂದು ದಿನದ ಗಳಿಕೆ ಹೋಗುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅವರಿಗೆ ಎರವಿನ ಕಾರನ್ನು ಕೊಟ್ಟರೂ ಪ್ರಯೋಜನವಿಲ್ಲ. ಬಾಡಿಗೆಗೆ ಓಡಿಸಲು ಹಳದಿ ಫಲಕವೂ ಪರ್ಮಿಟ್ಟೂ ಬೇಕು. ಬಿಳಿ ಫಲಕದ ಕಾರಿನಲ್ಲಿ ಬಾಡಿಗೆ ಹೊಡೆಯುವುದು ಕಾನೂನಿಗೆ ವಿರುದ್ಧ. ಹೀಗೆ, ಕಾರಿಲ್ಲದ ದಿನದಿಂದ ಅತ್ಯಂತ ಹೆಚ್ಚು ನಷ್ಟವಾಗುವವನಿಗೆ ಈ ಸೌಜನ್ಯವು ತಲಪುವುದೇ ಇಲ್ಲ. ಆದರೆ ಅದರ ಖರ್ಚಿನ ಪಾಲು ಅವನ ಬಿಲ್ಲಿನಲ್ಲೂ ಇರುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ವಸ್ತುವನ್ನು ಕೊಂಡವನೂ ಗ್ರಾಹಕನೇ ಎಂದು 2019ರ ಕಾಯಿದೆಯು ಸ್ಪಷ್ಟವಾಗಿ ಹೇಳಿದೆ. ವ್ಯಾಪಾರದ ಸೌಜನ್ಯವು ಇನ್ನೂ ಅಷ್ಟು ದೂರ ಬಂದಿಲ್ಲ.

ಇಂಥವರಿಗೆ ಬೇಕಾದುದು ಇನ್ನೊಂದು ಕಾರಲ್ಲ, ತಮ್ಮ ಕಾರು ಬೇಗ ಕೈಗೆ ಬರುವುದು. ಮೇಲೆ ಹೇಳಿದಂತೆ ದಿನದ ಹೆಚ್ಚಿನ ಪಾಲು ಕಾಯುವುದರಲ್ಲೇ ಕಳೆಯುತ್ತದೆ. ಗಿರಾಕಿಗಳಿಗೆ ಬೇರೆಬೇರೆ ಗಂಟೆಗಳನ್ನು ಗೊತ್ತುಮಾಡಿ, ಬಿಡಿಭಾಗಗಳನ್ನು ಮೊದಲೇ ತೆಗೆದಿರಿಸಿ, ರಾತ್ರಿಯ ಪಾಳಿಯಲ್ಲಿ ಬಾಡಿಗೆ ಕಾರುಗಳನ್ನು ತೆಗೆದುಕೊಂಡರೆ ಸರದಿಯು ಮೊಟಕಾಗುತ್ತದೆ. ಇದರಿಂದ ಮೂವರಿಗಲ್ಲ, ಮೂವತ್ತು ಮಂದಿಗೂ ಉಪಕಾರವಾಗುವುದು.

ಆದುದರಿಂದ ಗಿರಾಕಿಯು ನ್ಯಾಯವಾಗಿ ನಿರೀಕ್ಷಿಸಬಹುದಾದುದು ಏನೆಂಬುದನ್ನು ಹೀಗೆ ಸಂಗ್ರಹಿಸಬಹುದು. ಬದಲಿ ಕಾರು ಉಂಟೋ ಇಲ್ಲವೋ ಎಂಬುದನ್ನು ದಿನ ಗೊತ್ತುಮಾಡುವಾಗಲೇ ತಿಳಿಸಬೇಕು. ಉಂಟಾದರೆ ಅದರ ಷರತ್ತುಗಳನ್ನು, ವಿಶೇಷವಾಗಿ ವಿಮೆಯ ಹೊಣೆಯನ್ನು, ರುಜು ಹಾಕುವ ಮೊದಲು ವಿವರಿಸಬೇಕು. ಇಲ್ಲವಾದರೆ ಕಾರು ಸಿಗುವ ಗಂಟೆಯನ್ನು ನಿಜವಾಗಿ ಹೇಳಿ, ಅದಕ್ಕೆ ಬದ್ಧರಾಗಿರಬೇಕು. ಗಿರಾಕಿಯ ಕಡೆಯಿಂದಲೂ ಕರ್ತವ್ಯವಿದೆ: ಎರವಿನ ವಸ್ತುವನ್ನು ಸ್ವಂತದ್ದಕ್ಕಿಂತ ಹೆಚ್ಚು ಜೋಪಾನವಾಗಿ ಬಳಸಿ, ಹೇಳಿದ ಹೊತ್ತಿಗೆ ಹಿಂದಿರುಗಿಸಬೇಕು; ಸಂಜೆ ಮತ್ತೊಬ್ಬರು ಅದಕ್ಕಾಗಿ ಕಾದಿರುತ್ತಾರೆ.

ಸೌಜನ್ಯವೆಂಬುದು ಕೀಲಿಕೈಯನ್ನು ನಗುಮುಖದಿಂದ ಕೊಡುವುದರಲ್ಲಿ ಮಾತ್ರ ಇಲ್ಲ. ಇನ್ನೊಬ್ಬರ ದಿನಕ್ಕೂ ಒಂದು ಬೆಲೆಯಿದೆ ಎಂದು ತಿಳಿದು ನಡೆಯುವುದೇ ನಿಜವಾದ ಸೌಜನ್ಯ. ನಾಳೆ ನಮ್ಮಲ್ಲಿ ಕೆಲವರು ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಅಂಗಡಿಗಳಲ್ಲಿ ಮೇಜಿನ ಆಚೆ ಕುಳಿತುಕೊಳ್ಳುವವರು. ಈಚೆ ನಿಂತವರನ್ನು ಕಾಯಿಸುವಾಗ, ಆ ಕಾಯುವಿಕೆಯ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬ ಪ್ರಶ್ನೆಯನ್ನು ನಾವು ಒಮ್ಮೆ ಕೇಳಿಕೊಂಡರೆ, ಓದಿದ ಅರ್ಥಶಾಸ್ತ್ರವು ಸಾರ್ಥಕವಾದೀತು.