ಬೆಟ್ಟವನ್ನು ಸುತ್ತಿಬಂದ ವಾಯುಭಾರಮಾಪಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಎತ್ತರವೆಂದರೆ ತೆಂಗಿನ ಮರದ ಎತ್ತರ. ಎಲ್ಲಿ ನೋಡಿದರೂ ತೋಟ, ತೋಟದಾಚೆ ಕೆರೆ, ಕೆರೆಯ ಹಿಂದೆ ಮತ್ತೆ ತೋಟ. ತಾವು ನಿಂತ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 850 ಮೀಟರ್ ಎತ್ತರದಲ್ಲಿದೆಯೆಂದು ಹೇಳಿದರೆ ನಮ್ಮ ವಿದ್ಯಾರ್ಥಿಗಳು ಮೊದಲು ನಗುತ್ತಾರೆ. ಈ ನಗೆಯನ್ನು ನಿಲ್ಲಿಸಬೇಕೆಂಬ ಉದ್ದೇಶದಿಂದಲೇ ಕಳೆದ ಜನವರಿಯ ಒಂದು ಭಾನುವಾರ ಹನ್ನೊಂದು ಮಂದಿಯನ್ನು ಕರೆದುಕೊಂಡು, ಬೆಳಗಿನ ರೈಲಿನಲ್ಲಿ ತುಮಕೂರಿಗೆ ಹೋಗಿ, ಅಲ್ಲಿಂದ ದೇವರಾಯನದುರ್ಗದ ಕಾಡುಗುಡ್ಡಗಳಿಗೆ ಹೊರಟೆವು. ಪ್ರಯೋಗಶಾಲೆಯಿಂದ ಒಂದು ಅನಿರಾಯ್ಡ್ ವಾಯುಭಾರಮಾಪಕವನ್ನು ರುಜು ಹಾಕಿ ತಂದಿದ್ದೆವು.

ಈ ಉಪಕರಣದಲ್ಲಿ ಪಾದರಸವಿಲ್ಲ. ಗಾಳಿಯನ್ನು ಹೊರದೆಗೆದ, ತೆಳುವಾದ ಲೋಹದ ಡಬ್ಬಿಯೊಂದು ಉಂಟು. ಹೊರಗಿನ ಗಾಳಿಯ ಒತ್ತಡ ಹೆಚ್ಚಿದರೆ ಡಬ್ಬಿ ಕುಗ್ಗುತ್ತದೆ, ಕಡಿಮೆಯಾದರೆ ಉಬ್ಬುತ್ತದೆ. ಆ ಅಲ್ಪ ಚಲನೆಯನ್ನು ಸನ್ನೆಗಳು ದೊಡ್ಡದು ಮಾಡಿ ಮುಳ್ಳಿಗೆ ಮುಟ್ಟಿಸುತ್ತವೆ. ನಾವು ಮೇಲೇರಿದಂತೆಲ್ಲ ನಮ್ಮ ಮೇಲಿರುವ ಗಾಳಿಯ ರಾಶಿ ಕಡಿಮೆಯಾಗುವುದಷ್ಟೆ. ನಮ್ಮ ಸೀಮೆಯ ಎತ್ತರದಲ್ಲಿ, ನಮ್ಮ ಬೆಚ್ಚನೆಯ ಗಾಳಿಯಲ್ಲಿ, ಸುಮಾರು 12.7 ಮೀಟರ್ ಏರಿದರೆ ಒತ್ತಡವು ಪಾದರಸದ ಒಂದು ಮಿಲಿಮೀಟರಿನಷ್ಟು ಇಳಿಯುತ್ತದೆ. ಹಳೆಯ ತೆಂಗಿನ ಮರವೊಂದರ ಅರ್ಧ ಎತ್ತರ ಎಂದು ನೆನಪಿಟ್ಟುಕೊಂಡರೆ ಸಾಕು.

ಹತ್ತು ಗಂಟೆಗೆ ನಾಮದ ಚಿಲುಮೆಯ ಬಳಿ, ದಾರಿಯ ಮಗ್ಗುಲಿನ ಒಂದು ಚಪ್ಪಟೆ ಕಲ್ಲಿನ ಮೇಲೆ ಉಪಕರಣವನ್ನಿಟ್ಟು ಮೊದಲ ಅಳತೆಯನ್ನು ಗುರುತು ಹಾಕಿಕೊಂಡೆವು: 685.0 ಮಿಲಿಮೀಟರ್. ಓದುವ ಕೆಲಸವನ್ನು ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಒಪ್ಪಿಸಿದ್ದೆವು. ತುರುವೇಕೆರೆಯ ಕಡೆಯ ಹುಡುಗಿ, ಮಾತು ಕಡಿಮೆ, ಅಕ್ಷರ ಸ್ಫುಟ. ಅಲ್ಲಿಂದ ಕಾಡಿನ ದಾರಿ ಹಿಡಿದು, ದುರ್ಗವನ್ನು ಹತ್ತಿ, ಇನ್ನೊಂದು ಪಕ್ಕದಿಂದ ಇಳಿದು, ಸುತ್ತು ಹಾಕಿ ಅದೇ ಕಲ್ಲಿಗೆ ಮರಳುವುದು ನಮ್ಮ ಯೋಜನೆ. ಒಟ್ಟು ಹನ್ನೆರಡು ಕಿಲೋಮೀಟರಿನಷ್ಟು ನಡಿಗೆ. ಇದು ರಕ್ಷಿತಾರಣ್ಯ; ಚಿರತೆ ಕರಡಿಗಳುಂಟು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಗುಂಪನ್ನು ಬಿಟ್ಟು, ಕತ್ತಲಾದ ಮೇಲೆ ಯಾರೂ ಇಲ್ಲಿ ಅಲೆಯಬಾರದು.

ಏರುವಾಗ ಕಂಡದ್ದನ್ನೆಲ್ಲ ಬರೆಯಹೊರಟರೆ ಪುಟ ಸಾಲದು. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಕಾಣುವ ಹಳದಿ ಕೊರಳಿನ ಪಿಕಳಾರ ಹಕ್ಕಿಗೆ ಈ ಬೆಟ್ಟವು ಹೆಸರಾದ ನೆಲೆ. ನಮಗೆ ಅದು ಕಾಣಿಸಲಿಲ್ಲ. ಶಿಂಷಾ ಮತ್ತು ಜಯಮಂಗಲಿ ನದಿಗಳೆರಡೂ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಒಂದು ಕಡಬದ ಕೆರೆಯನ್ನು ತುಂಬಿ ತೆಂಕಲಾಗಿ ಹರಿದು ಕಾವೇರಿಯನ್ನು ಸೇರಿದರೆ, ಇನ್ನೊಂದು ಬಡಗಲಾಗಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಬಂಡೆಯ ಮೇಲೆ ಬಿದ್ದ ಎರಡು ಮಳೆಹನಿಗಳು ನೂರಾರು ಕಿಲೋಮೀಟರ್ ಅಂತರದಲ್ಲಿ ಸಮುದ್ರವನ್ನು ಮುಟ್ಟಬಹುದು.

ಹನ್ನೆರಡೂವರೆಗೆ ಯೋಗನರಸಿಂಹನ ಗುಡಿಯ ಬಳಿ ಎರಡನೆಯ ಅಳತೆ: 660.4. ಊಟಕ್ಕೆ ಬುತ್ತಿಯ ಜೊತೆಗೆ ಕೊಬ್ಬರಿ ಬೆಲ್ಲ. ಅರವತ್ತು ಕಿಲೋಗ್ರಾಂ ತೂಕದವನು 300 ಮೀಟರ್ ಏರಲು ಮಾಡಬೇಕಾದ ಕೆಲಸ 1,76,400 ಜೌಲ್, ಎಂದರೆ ಸುಮಾರು 42 ಕಿಲೋಕ್ಯಾಲರಿ. ಸ್ನಾಯುಗಳು ತಾವು ಉರಿಸಿದ ಶಕ್ತಿಯಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಒಪ್ಪಿಸುವುದರಿಂದ, ಖರ್ಚು 170ರ ಹತ್ತಿರ. ಇಪ್ಪತ್ತೈದು ಮೂವತ್ತು ಗ್ರಾಂ ಕೊಬ್ಬರಿಯಲ್ಲಿ ಅಷ್ಟು ಶಕ್ತಿಯಿದೆ! ಏರಿದ ಎತ್ತರಕ್ಕೆ ಅಷ್ಟೇ ಸಾಕೆಂದು ತಿಳಿದು ಹುಡುಗರಿಗೆ ಬಹಳ ನಿರಾಶೆಯಾಯಿತು. ಇಳಿಯುವಾಗ ಭೂಮಿಯ ಸೆಳೆತವು ಈ ಕೆಲಸವನ್ನು ಹಿಂದಿರುಗಿಸುತ್ತದೆ ನಿಜ. ಆದರೆ ಸ್ನಾಯುಗಳು ಅದನ್ನು ಜಮಾ ಮಾಡಿಕೊಳ್ಳಲಾರವು. ಬೀಳದಂತೆ ದೇಹವನ್ನು ತಡೆಯುತ್ತ, ಬಿಗಿಹಿಡಿದಿರುವಾಗಲೇ ಹಿಗ್ಗಬೇಕಾಗುತ್ತದೆ. ಮರುದಿನ ತೊಡೆ ನೋಯುವುದು ಹೆಚ್ಚಾಗಿ ಇದರಿಂದಲೇ.

ನಾಲ್ಕು ಗಂಟೆಗೆ ಮತ್ತೆ ಅದೇ ಕಲ್ಲು. ಹುಡುಗಿ ಗಾಜನ್ನು ಬೆರಳಿನಿಂದ ಮೆಲ್ಲನೆ ತಟ್ಟಿ, ಓದಿ, ಬರೆದುಕೊಂಡಳು: 682.5.

ಲೆಕ್ಕ ಹಾಕಿರಿ. ಏರುವಾಗ ಒತ್ತಡ 24.6 ಮಿಲಿಮೀಟರ್ ಇಳಿದಿದೆ. ಏರಿದ ಎತ್ತರ 312 ಮೀಟರ್. ಇಳಿಯುವಾಗ 22.1 ಮಾತ್ರ ಏರಿದೆ. ಇಳಿದದ್ದು 281 ಮೀಟರ್. ಹೊರಟ ಕಲ್ಲಿಗೇ ಮರಳಿದ್ದರೂ ಹೊರಟದ್ದಕ್ಕಿಂತ ಮೂವತ್ತು ಮೀಟರಿಗೂ ಮಿಕ್ಕಿ ಮೇಲಿದ್ದೇವೆ, ಒಂದು ತೆಂಗಿನ ಮರಕ್ಕಿಂತ ಎತ್ತರದಲ್ಲಿ! ಸುತ್ತಿ ಬಂದ ದಾರಿಯಲ್ಲಿ ಏರಿದ್ದೂ ಇಳಿದದ್ದೂ ಸಮನಾಗಿರಲೇಬೇಕಲ್ಲವೇ? ನಮಗೆ ಸಿಟ್ಟು ಬಂದಿತು. ಎಲ್ಲರೆದುರಿಗೆ ಆಕೆಯನ್ನು ಗದರಿದೆವು: ಓದುವುದರಲ್ಲಿ ಅಜಾಗರೂಕತೆ, ಇಲ್ಲವೇ ಬೆಳಗ್ಗೆ ಬರೆದದ್ದು ತಪ್ಪು. ಆಕೆ, “ಸರ್, ಮೂರು ಸಲ ಓದಿದೆ” ಎಂದಷ್ಟೇ ಹೇಳಿ ಸುಮ್ಮನಾದಳು. ತಿಪಟೂರು ತಲಪುವವರೆಗೂ ಮತ್ತೆ ಮಾತನಾಡಲಿಲ್ಲ.

ಮರುದಿನ ಆಕೆ ಉಪಕರಣವನ್ನು ಎರಡು ದಿನದ ಮಟ್ಟಿಗೆ ಊರಿಗೆ ಒಯ್ಯಲು ಕೇಳಿದಳು, ಕೊಟ್ಟೆವು. ಗುರುವಾರ ನಮ್ಮ ಮೇಜಿನ ಮೇಲೆ ಒಂದು ನಕ್ಷಾಹಾಳೆ. ಮನೆಯಲ್ಲಿ, ಕೊಬ್ಬರಿಯ ಅಟ್ಟದ ಕೆಳಗೆ ಉಪಕರಣವನ್ನಿಟ್ಟು, ತಮ್ಮನನ್ನು ಸರದಿಗೆ ಕೂರಿಸಿಕೊಂಡು, ನಲವತ್ತೆಂಟು ಗಂಟೆಗಳ ಕಾಲ ಗಂಟೆಗೊಮ್ಮೆ ಓದಿದ್ದಳು. ಉಪಕರಣವು ಅಂಗುಲವೂ ಕದಲಿರಲಿಲ್ಲ. ಆದರೂ ರೇಖೆಯು ಬೆಳಗಿನ ಹತ್ತರ ಸುಮಾರಿಗೆ ಶಿಖರವನ್ನು ಮುಟ್ಟಿ, ಸಂಜೆ ನಾಲ್ಕಕ್ಕೆ ತಳಕ್ಕಿಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರಿ, ನಸುಕಿನ ನಾಲ್ಕಕ್ಕೆ ಮತ್ತೆ ಇಳಿದಿತ್ತು. ಹಗಲಿನ ಇಳಿತ ಎರಡೂವರೆ ಮಿಲಿಮೀಟರಿನ ಆಸುಪಾಸು. ನಾವು ಬೆಟ್ಟಕ್ಕೆ ಹೊರಟದ್ದು ಶಿಖರದ ಗಳಿಗೆಯಲ್ಲಿ, ಮರಳಿದ್ದು ತಳದ ಗಳಿಗೆಯಲ್ಲಿ. ತಪ್ಪು ಆಕೆಯದಾಗಿರಲಿಲ್ಲ. ಎತ್ತರವು ಸ್ಥಳವೊಂದನ್ನೇ ಅವಲಂಬಿಸಿದ್ದು. ಒತ್ತಡವು ಸ್ಥಳದೊಡನೆ ಕಾಲವನ್ನೂ ಅವಲಂಬಿಸಿದ್ದು. ಪಾಠಮಾಡುವವರು ಮರೆಯಬಾರದ ವ್ಯತ್ಯಾಸವನ್ನು ನಾವು ಮರೆತಿದ್ದೆವು. ತರಗತಿಯಲ್ಲಿ, ಗದರಿದ ಅಷ್ಟೇ ದನಿಯಲ್ಲಿ, ಅದನ್ನು ಒಪ್ಪಿಕೊಂಡೆವು.

ಸಮುದ್ರಕ್ಕೆ ಉಬ್ಬರವಿಳಿತವಿರುವಂತೆ ಗಾಳಿಯ ಕಡಲಿಗೂ ಉಂಟು. ದಕ್ಷಿಣ ಅಮೆರಿಕದ ಉಷ್ಣ ಪ್ರದೇಶಗಳಲ್ಲಿ 1799ರಿಂದ ಸಂಚರಿಸಿದ ಹಂಬೋಲ್ಟನು ಅಲ್ಲಿಯ ಈ ಏರಿಳಿತದ ಕ್ರಮಬದ್ಧತೆಯನ್ನು ಕಂಡು ಬೆರಗಾಗಿ, ವಾಯುಭಾರಮಾಪಕವನ್ನು ನೋಡಿಯೇ ಹೊತ್ತನ್ನು ಹೇಳಬಹುದೆಂದು ಬರೆದನು. ಯೂರೋಪಿನಲ್ಲಿ ಇದು ಅಲ್ಪ. ದಿನದಿನದ ಬಿರುಗಾಳಿಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಕಡಲಿನಂತೆ ಇಲ್ಲಿಯೂ ಚಂದ್ರನೇ ಕಾರಣನೇ? ಅಲ್ಲ. ಚಂದ್ರನಾಗಿದ್ದರೆ ಶಿಖರವು ದಿನವೂ ಸುಮಾರು ಐವತ್ತು ನಿಮಿಷ ತಡವಾಗಬೇಕಿತ್ತು. ಇದು ಗಡಿಯಾರಕ್ಕೆ ಕಟ್ಟಿದಂತೆ ಹತ್ತಕ್ಕೇ ಬರುತ್ತದೆ. ಚಂದ್ರನ ಸೆಳೆತದ ಪಾಲು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಹಾಗಾದರೆ ಸೂರ್ಯ. ಆದರೆ ದಿನಕ್ಕೊಮ್ಮೆ ಹುಟ್ಟಿ ಮುಳುಗುವ ಸೂರ್ಯನಿಂದ ದಿನಕ್ಕೆರಡು ಉಬ್ಬರ ಹೇಗೆ? ವಾತಾವರಣವು ಹನ್ನೆರಡು ಗಂಟೆಯ ತಾಳಕ್ಕೆ ತಾನಾಗಿಯೇ ತೂಗುವಂಥದ್ದು, ಜೋಕಾಲಿಯಂತೆ, ಎಂದು 1882ರಲ್ಲಿ ಕೆಲ್ವಿನ್ ಊಹಿಸಿದನು. ಸೊಗಸಾದ ಊಹೆ; ಆದರೆ ರಾಕೆಟ್ಟುಗಳು ಮೇಲಿನ ವಾಯುಪದರಗಳ ಉಷ್ಣತೆಯನ್ನು ಅಳೆದ ಬಳಿಕ ಅದು ನಿಲ್ಲಲಿಲ್ಲ. ತೃಪ್ತಿಕರವಾದ ಉತ್ತರ ದೊರೆತದ್ದು 1960ರ ದಶಕದಲ್ಲಿ. ಬಿಸಿಲನ್ನು ಹೀರಿ ಕಾಯುವುದು ನೆಲವೊಂದೇ ಅಲ್ಲ. ಹತ್ತಾರು ಕಿಲೋಮೀಟರ್ ಮೇಲಿನ ಓಜೋನ್ ಮತ್ತು ಕೆಳಗಿನ ನೀರಾವಿ ಕೂಡ. ಹಗಲು ಮಾತ್ರ ಬಿದ್ದು ಇರುಳು ನಿಂತುಹೋಗುವ ಈ ಕಾವನ್ನು ಗಣಿತದಿಂದ ಬಿಡಿಸಿದರೆ, ಇಪ್ಪತ್ತನಾಲ್ಕು ಗಂಟೆಯ ಅಲೆಯ ಜೊತೆಗೆ ಹನ್ನೆರಡು ಗಂಟೆಯದೂ ಸಿಗುತ್ತದೆ. ಮೊದಲನೆಯದು ಎತ್ತರಕ್ಕೆ ತಕ್ಕಂತೆ ಬೇಗಬೇಗ ದಿಕ್ಕು ಬದಲಿಸುವುದರಿಂದ, ಓಜೋನಿನ ದಪ್ಪ ಪದರದ ಒಂದು ಭಾಗ ನೂಕಿದ್ದನ್ನು ಇನ್ನೊಂದು ಭಾಗ ಬಹುಮಟ್ಟಿಗೆ ಅಳಿಸಿಬಿಡುತ್ತದೆ. ಎರಡನೆಯದು ಬಹಳ ಉದ್ದನೆಯ ಅಲೆ. ಪದರವೆಲ್ಲ ಒಂದೇ ತಾಳದಲ್ಲಿ ನೂಕುತ್ತದೆ, ಅದರ ಫಲ ನೆಲದವರೆಗೂ ಮುಟ್ಟುತ್ತದೆ.

ಹಾಗಾದರೆ ದುರ್ಗದ ಎತ್ತರವೆಷ್ಟು? ಹೊರಟು ಮರಳುವ ನಡುವಿನ ಆರು ಗಂಟೆಗಳಲ್ಲಿ 2.5 ಮಿಲಿಮೀಟರ್ ಜಾರಿದೆ; ಎರಡೂವರೆ ಗಂಟೆಗೆ ಅದರ ಪಾಲು ಸುಮಾರು 1.0. ಅದನ್ನು 24.6ರಿಂದ ಕಳೆದರೆ 23.6, ಎಂದರೆ ಚಿಲುಮೆಯ ಕಲ್ಲಿನಿಂದ 300 ಮೀಟರ್. ಸುತ್ತಿ ಬಂದು ಹೊರಟಲ್ಲೇ ಮುಗಿಸಿದ್ದರಿಂದ ತಪ್ಪು ಬಯಲಾಯಿತು, ತಿದ್ದಲೂ ಸಾಧ್ಯವಾಯಿತು. ಒಂದೇ ದಾರಿಯಲ್ಲಿ ಏರಿ ಅತ್ತ ಇಳಿದುಹೋಗಿದ್ದರೆ 312 ಎಂದೇ ನಂಬಿಕೊಂಡಿರುತ್ತಿದ್ದೆವು.

ಇದಕ್ಕಿಂತ ಒಳ್ಳೆಯ ಉಪಾಯವು ಹಳೆಯದೇ. 1648ರ ಸೆಪ್ಟೆಂಬರ್ 19ರಂದು, ಪಾಸ್ಕಲನ ಸೂಚನೆಯಂತೆ ಅವನ ಭಾವಮೈದುನ ಪೆರಿಯೇ ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟವನ್ನು ಪಾದರಸದ ನಳಿಗೆಯೊಡನೆ ಹತ್ತಿದಾಗ, ಇನ್ನೊಂದು ನಳಿಗೆಯನ್ನು ಕೆಳಗೆ ಮಠದ ತೋಟದಲ್ಲಿ ಬಿಟ್ಟು, ದಿನವಿಡೀ ಅದನ್ನು ನೋಡುತ್ತಿರುವಂತೆ ಸನ್ಯಾಸಿಯೊಬ್ಬರನ್ನು ಕೇಳಿಕೊಂಡಿದ್ದನು. ಬರುವ ಚಳಿಗಾಲಕ್ಕೆ ನಾವೂ ಎರಡು ಉಪಕರಣಗಳನ್ನು ಒಯ್ಯುವುದೆಂದು ನಿಶ್ಚಯಿಸಿದ್ದೇವೆ. ಎಲ್ಲರೂ ಬೆಟ್ಟ ಹತ್ತುತ್ತಿರುವಾಗ ಚಿಲುಮೆಯ ಬಳಿ ಕುಳಿತು ಗಂಟೆಗಂಟೆಗೆ ಮುಳ್ಳನ್ನು ಓದಲು ವಿದ್ಯಾರ್ಥಿಗಳಲ್ಲಿ ಯಾರೂ ಒಪ್ಪಲಿಲ್ಲ. ತುರುವೇಕೆರೆಯ ಹುಡುಗಿಯ ಸಲಹೆಯಂತೆ ಆ ಕೆಲಸವು ನಮ್ಮ ಪಾಲಿಗೇ ಬಂದಿದೆ.