ಸ್ನಾನಗೃಹದ ನವೀಕರಣ: ಮಿತವ್ಯಯ, ಆರೋಗ್ಯ ಮತ್ತು ಮನೆಯ ಮೌಲ್ಯ

ಕರಾವಳಿಯ ಮತ್ತು ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲುಮನೆಗೆ ಒಂದು ಪ್ರತ್ಯೇಕ ಸ್ಥಾನವಿತ್ತು. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಹೊಗೆ ಹೊರಹೋಗಲು ಹೆಂಚಿನ ಸಂದು, ನೀರು ಹರಿದು ತೆಂಗಿನ ಬುಡವನ್ನೋ ಬಾಳೆಯ ಬುಡವನ್ನೋ ಸೇರುವ ಕಾಲುವೆ, ಇಷ್ಟಿದ್ದರೆ ಅದು ಪರಿಪೂರ್ಣವೆನಿಸುತ್ತಿತ್ತು. ಅಲ್ಲಿ ನೀರು ಸೋರಿದರೆ ಮಣ್ಣು ಕುಡಿಯುತ್ತಿತ್ತು. ಮುಂಬಯಿಯ ಫ್ಲಾಟಿನಲ್ಲಿ ಸೋರಿದ ನೀರು ಕೆಳಗಿನ ಮನೆಯವರ ಛಾವಣಿಯನ್ನು ಸೇರುತ್ತದೆ. ಚಾಳಿನ ಮೊಗಸಾಲೆಯ ಕೊನೆಯಲ್ಲಿದ್ದ ಸಾಮೂಹಿಕ ಶೌಚಾಲಯದ ಮುಂದೆ ಸರದಿ ನಿಂತ ಕನ್ನಡಿಗರನೇಕರು ಮುಂದೆ ಗೋರೆಗಾಂವ್, ಠಾಣೆ, ಡೊಂಬಿವಲಿಗಳಲ್ಲಿ ಸ್ವಂತ ಫ್ಲಾಟು ಕೊಂಡರು. ಈಗ ಆ ಫ್ಲಾಟುಗಳಿಗೂ ವಯಸ್ಸಾಗಿದೆ, ಕೊಂಡವರಿಗೂ ವಯಸ್ಸಾಗಿದೆ. ಸ್ನಾನಗೃಹದ ನವೀಕರಣವನ್ನು ಯೋಚಿಸುವಾಗ ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಗಮನಿಸುವುದು ವಿವೇಕ.

ಮೌಲ್ಯವೆಂದರೇನು?

ಹೊಸ ಟೈಲ್ಸ್ ಹಾಕಿಸಿದೊಡನೆ ಫ್ಲಾಟಿನ ಬೆಲೆ ಏರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಮಹಾನಗರದ ಫ್ಲಾಟಿಗೆ ಬೆಲೆ ಕಟ್ಟುವುದು ಅದರ ಬಡಾವಣೆ, ಕಾರ್ಪೆಟ್ ವಿಸ್ತೀರ್ಣ, ಕಟ್ಟಡದ ವಯಸ್ಸು ಮತ್ತು ಕಾಗದಪತ್ರಗಳ ಶುದ್ಧಿ. ಸ್ನಾನಗೃಹದ ಥಳಕು ಬೆಲೆಯನ್ನು ಹೆಚ್ಚಿಸುವುದಕ್ಕಿಂತ, ಅದರ ಸೋರಿಕೆ ಬೆಲೆಯನ್ನು ಇಳಿಸುವುದೇ ಅಧಿಕ. ಗೋಡೆಯ ಮೇಲಿನ ತೇವದ ಕಲೆ, ಉದುರಿದ ಗಾರೆಯಿಂದ ಹೊರಗಿಣುಕುವ ತುಕ್ಕು ಹಿಡಿದ ಕಬ್ಬಿಣದ ಸರಳು, ಇವು ಕೊಳ್ಳಲು ಬಂದವನ ಕಣ್ಣಿಗೂ ಬ್ಯಾಂಕಿನ ಮೌಲ್ಯಮಾಪಕನ ಕಣ್ಣಿಗೂ ಮೊದಲು ಬೀಳುತ್ತವೆ. ಆದುದರಿಂದ ಇಲ್ಲಿ ಖರ್ಚಿನ ಗುರಿ ಮೌಲ್ಯವನ್ನು ಸೃಷ್ಟಿಸುವುದಲ್ಲ, ಇರುವ ಮೌಲ್ಯವನ್ನು ಕಾಪಾಡುವುದು.

ಹಣ ತೆಗೆಯುವ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದುಂಟು. ಮುಂಬಯಿಯಲ್ಲಿ 30 ವರ್ಷ ಮೀರಿದ ಕಟ್ಟಡಗಳು ರಚನಾತ್ಮಕ ತಪಾಸಣೆಗೆ ಒಳಗಾಗಬೇಕೆಂಬ ನಿಯಮವಿದೆ. ಅನೇಕ ಹಳೆಯ ಸೊಸೈಟಿಗಳು ಪುನರ್ನಿರ್ಮಾಣದ ಮಾತುಕತೆಯಲ್ಲಿ ತೊಡಗಿವೆ. ಕೆಲವೇ ವರ್ಷಗಳಲ್ಲಿ ನೆಲಸಮವಾಗಲಿರುವ ಕಟ್ಟಡದಲ್ಲಿ ಬೆಲೆಬಾಳುವ ಟೈಲ್ಸ್ ಹಾಕಿಸುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಅಂಥಲ್ಲಿ ಸೋರಿಕೆಯನ್ನು ತಡೆದು, ಹಿರಿಯರ ಸುರಕ್ಷತೆಗೆ ಬೇಕಾದಷ್ಟನ್ನು ಮಾತ್ರ ಮಾಡಿಸಿದರೆ ಸಾಕು.

ಕಾಣದ ಕೆಲಸಕ್ಕೆ ಮೊದಲ ಹಕ್ಕು

ಫ್ಲಾಟಿನ ಸ್ನಾನಗೃಹದ ನೆಲವು ಸಾಮಾನ್ಯವಾಗಿ ತಗ್ಗಿಸಿದ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರು ಮತ್ತು ಗಾರೆಯನ್ನು ತುಂಬಿ ಮಾಡಿದುದು. ಕೊಳವೆಗಳು ಅದರೊಳಗೆ ಅಡಗಿರುತ್ತವೆ. ಹಳೆಯ ಕೊಳವೆಯ ಕೀಲು ಸಡಿಲವಾದರೆ, ಇಲ್ಲವೆ ಟೈಲ್ಸಿನ ಸಂದಿನಿಂದ ನೀರು ಇಳಿದರೆ ಆ ತುಂಬುವಿಕೆಯೇ ಒಂದು ಗುಪ್ತ ಕೆರೆಯಾಗುತ್ತದೆ. ಹಳೆಯ ನೆಲದ ಮೇಲೆಯೇ ಹೊಸ ಟೈಲ್ಸ್ ಅಂಟಿಸಿದರೆ ಖರ್ಚು ಉಳಿಯಿತೆಂಬ ಭ್ರಮೆ ಹುಟ್ಟುತ್ತದೆ, ಆದರೆ ಕೆರೆ ಹಾಗೆಯೇ ಉಳಿಯುತ್ತದೆ. ಹೊರಗೆ ಥಳಕು, ಒಳಗೆ ಹುಳುಕು ಎಂಬ ಮಾತಿಗೆ ಇದಕ್ಕಿಂತ ಉತ್ತಮ ದೃಷ್ಟಾಂತವಿಲ್ಲ.

ಸೋರಿಕೆಯಿದ್ದಲ್ಲಿ ತುಂಬುವಿಕೆಯನ್ನು ಪೂರ್ತಿ ತೆಗೆಸಿ, ಕೊಳವೆಗಳನ್ನು ಬದಲಿಸಿ, ಜಲನಿರೋಧಕ ಲೇಪವನ್ನು ನೆಲಕ್ಕಷ್ಟೇ ಅಲ್ಲದೆ ಗೋಡೆಯ ಮೇಲೂ ಏರಿಸಿ ಬಳಿಸತಕ್ಕದ್ದು. ಲೇಪ ಒಣಗಿದ ಬಳಿಕ ನೀರು ನಿಲ್ಲಿಸಿ ಕನಿಷ್ಠ 24 ಗಂಟೆಗಳ ಕಾಲ ಪರೀಕ್ಷಿಸಿ, ಕೆಳಗಿನ ಮನೆಯವರ ಛಾವಣಿಯನ್ನು ನೋಡಿ ಬಂದ ಮೇಲೆಯೇ ಟೈಲ್ಸಿನ ಕೆಲಸಕ್ಕೆ ಅನುಮತಿ ಕೊಡಬೇಕು. ನೆಲದ ಇಳಿಜಾರು 80ರಿಂದ 100 ಅಂಗುಲಕ್ಕೆ 1 ಅಂಗುಲದಷ್ಟಿದ್ದರೆ ನೀರು ನಿಲ್ಲುವುದಿಲ್ಲ. ನೀರು ನಿಲ್ಲದಿದ್ದರೆ ಪಾಚಿಯಿಲ್ಲ, ಸೊಳ್ಳೆಯಿಲ್ಲ, ಜಾರಿಕೆಯೂ ಕಡಿಮೆ.

ಮಹಾರಾಷ್ಟ್ರದ ಸಹಕಾರಿ ಗೃಹ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಶೌಚಾಲಯದಿಂದುಂಟಾಗುವ ಒಳಸೋರಿಕೆಯ ದುರಸ್ತಿ ವೆಚ್ಚ ಸದಸ್ಯನದೇ. ಹೊರಗಿನ ಸಾಮಾನ್ಯ ಕೊಳವೆಯಿಂದಾದ ಸೋರಿಕೆ ಸೊಸೈಟಿಯ ಹೊಣೆ. ಕೆಲಸ ಆರಂಭಿಸುವ ಮೊದಲು ಸೊಸೈಟಿಯ ಲಿಖಿತ ಅನುಮತಿ ಪಡೆಯುವುದರಿಂದ ಈ ವ್ಯತ್ಯಾಸವೂ ಸ್ಪಷ್ಟವಾಗುತ್ತದೆ, ನೆರೆಯವರೊಡನೆ ಮನಸ್ತಾಪವೂ ತಪ್ಪುತ್ತದೆ. ಕಮೋಡಿನ ಸ್ಥಳವನ್ನು ಬದಲಿಸದಿರುವುದು ಮಿತವ್ಯಯದ ಮೊದಲ ಸೂತ್ರ. ತೊಲೆ ಕಂಬಗಳನ್ನು ಮುಟ್ಟದಿರುವುದು ಸುರಕ್ಷತೆಯ ಮೊದಲ ಸೂತ್ರ.

ಟೈಲ್ಸಿನ ಲೆಕ್ಕ

6 ಅಡಿ ಉದ್ದ, 4 ಅಡಿ ಅಗಲದ ಸ್ನಾನಗೃಹದ ನೆಲ 24 ಚದರ ಅಡಿ. ಸುತ್ತಳತೆ 20 ಅಡಿ. 7 ಅಡಿ ಎತ್ತರದವರೆಗೆ ಗೋಡೆಗೆ 140 ಚದರ ಅಡಿ. ಬಾಗಿಲಿಗಾಗಿ 16 ಕಳೆದರೆ ಒಟ್ಟು 148. ಒಡೆಯುವಿಕೆ, ಕತ್ತರಿಸುವಿಕೆಗೆ ಶೇಕಡಾ 10 ಸೇರಿಸಿದರೆ ಸುಮಾರು 163 ಚದರ ಅಡಿ. ಚದರ ಅಡಿಗೆ 50 ರೂಪಾಯಿ ಅಗ್ಗದ ಟೈಲ್ಸ್ ಆರಿಸಿದರೆ ಉಳಿಯುವುದು 8,150 ರೂಪಾಯಿ. ಹಿಡಿಕಂಬಿ, ನೆಲಫಲಕದ ಗುಣಮಟ್ಟ, ವಿದ್ಯುತ್ ರಕ್ಷಣಾ ಸ್ವಿಚ್ಚುಗಳಿಗೆ ಈ ಉಳಿತಾಯ ಒದಗುತ್ತದೆ. ಗೋಡೆಗೆ ಯಾವ ಟೈಲ್ಸಾದರೂ ಸಲ್ಲುತ್ತದೆ, ನೆಲಕ್ಕೆ ಮಾತ್ರ ಒರಟು ಮೈಯ ಚಿಕ್ಕ ಟೈಲ್ಸ್ ಬೇಕು. ಕನ್ನಡಿಯಂತೆ ಹೊಳೆಯುವ ನೆಲವು ನೀರು ಬಿದ್ದಾಗ ವೈರಿಯಾಗುತ್ತದೆ.

ದೇಹದ ರಕ್ಷಣೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬೀಳುವಿಕೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆ. ಅಂಥ ಮರಣಗಳಲ್ಲಿ 60 ದಾಟಿದವರ ಪಾಲೇ ದೊಡ್ಡದು. ವೃದ್ಧಾಪ್ಯದಲ್ಲಿ ಸೊಂಟದ ಮೂಳೆ ಮುರಿದರೆ ಆಸ್ಪತ್ರೆಯ ವೆಚ್ಚ ಸ್ನಾನಗೃಹದ ವೆಚ್ಚವನ್ನು ಮೀರುವುದು ಕಷ್ಟವಲ್ಲ, ಮತ್ತೆ ಮೊದಲಿನಂತೆ ನಡೆದಾಡುವುದು ಮಾತ್ರ ಕಷ್ಟ. ಕಮೋಡಿನ ಪಕ್ಕದಲ್ಲೂ ಸ್ನಾನದ ಸ್ಥಳದಲ್ಲೂ ಗೋಡೆಗೆ ಭದ್ರವಾಗಿ ಬಿಗಿದ ಹಿಡಿಕಂಬಿ, ಕೂತು ಸ್ನಾನ ಮಾಡಲು ಗಟ್ಟಿಯಾದ ಪೀಠ, ರಾತ್ರಿ ಉರಿಯುವ ಚಿಕ್ಕ ದೀಪ, ಹೊಸ್ತಿಲಿನ ಎತ್ತರ ತಗ್ಗಿಸುವುದು, ಇವು ದುಬಾರಿಯಲ್ಲ. ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಒಳಗೆ ಕುಸಿದವರ ದೇಹವೇ ಒಳತೆರೆಯುವ ಬಾಗಿಲಿಗೆ ಅಡ್ಡವಾಗುವುದುಂಟು. ಚಿಲಕವೂ ಹೊರಗಿನಿಂದ ತೆಗೆಯಬಲ್ಲಂಥದಾಗಿರಲಿ.

ಗಾಳಿಯ ವಿಷಯ ಇನ್ನೂ ಗಂಭೀರ. ಮುಚ್ಚಿದ ಸ್ನಾನಗೃಹದಲ್ಲಿ ಗ್ಯಾಸ್ ಗೀಸರ್ ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ಸ್ನಾನ ಮಾಡುವವರು ಕೂಗುವ ಮೊದಲೇ ಎಚ್ಚರ ತಪ್ಪುತ್ತಾರೆ. ಆದುದರಿಂದ ಗ್ಯಾಸ್ ಗೀಸರನ್ನು ಸ್ನಾನಗೃಹದ ಒಳಗೆ ಕೂರಿಸಲೇಬಾರದು. ಸಣ್ಣ ಕುಟುಂಬಕ್ಕೆ 15 ಲೀಟರಿನ ವಿದ್ಯುತ್ ಗೀಸರ್ ಸಾಕು, ಆದರೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಸೋರಿಕೆಗೆ ಕಡಿಯುವ ಸ್ವಿಚ್ ಇರಲೇಬೇಕು. ಕಿಟಕಿಯನ್ನು ಮುಚ್ಚಿ ಅಂದ ಮಾಡುವುದರ ಬದಲು ಗಾಳಿ ಹೊರದೂಡುವ ಫ್ಯಾನ್ ಹಾಕಿದರೆ ಬೂಷ್ಟೂ ತಪ್ಪುತ್ತದೆ.

ಹಣದ ಶಿಸ್ತು

ಗೃಹಸ್ಥನೊಬ್ಬನ ಅಂದಾಜು 1,50,000 ರೂಪಾಯಿ ಎಂದಿಟ್ಟುಕೊಂಡರೆ, ಅದರಲ್ಲಿ ಶೇಕಡಾ 15, ಅಂದರೆ 22,500 ರೂಪಾಯಿಯನ್ನು ಮುಟ್ಟದೆ ತೆಗೆದಿಡಬೇಕು. ನೆಲ ಅಗೆದ ಮೇಲೆ ಏನು ಕಾಣುವುದೆಂದು ಮೊದಲೇ ಹೇಳಲಾಗದು. ಉಳಿದುದರಲ್ಲಿ ಜಲನಿರೋಧನ ಮತ್ತು ಕೊಳವೆ ಮೊದಲು, ಸುರಕ್ಷತೆ ಅನಂತರ, ಅಲಂಕಾರ ಕೊನೆಗೆ. ಗುತ್ತಿಗೆದಾರನಿಗೆ ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಟ್ಟು, ಕೊನೆಯ ಕಂತನ್ನು ಕೆಲವು ವಾರಗಳ ಬಳಕೆಯಾಗುವವರೆಗೆ ಉಳಿಸಿಕೊಳ್ಳುವುದು ಉಚಿತ.

ಸಾಲ ಅನಿವಾರ್ಯವಾದರೆ ಅದರ ಜಾತಿಯನ್ನು ನೋಡಬೇಕು. ಇದೇ ಮೊತ್ತವನ್ನು ವಾರ್ಷಿಕ ಶೇಕಡಾ 10ರಂತೆ 36 ಕಂತುಗಳಲ್ಲಿ ತೀರಿಸಿದರೆ ಬಡ್ಡಿ ಸುಮಾರು 24,000 ರೂಪಾಯಿ. ಕ್ರೆಡಿಟ್ ಕಾರ್ಡಿನ ಬಾಕಿಯಂತೆ ತಿಂಗಳಿಗೆ ಶೇಕಡಾ 3ರ ದರವಾದರೆ ಅದು 97,000 ರೂಪಾಯಿಯನ್ನು ಮೀರುತ್ತದೆ. ಸ್ವಂತ ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿಯವರೆಗೆ ಕಡಿತ ಉಂಟು, ಹೊಸ ಪದ್ಧತಿಯಲ್ಲಿ ಇಲ್ಲ. ಮುಂದೆ ಮನೆ ಮಾರುವಾಗ ಸಾಮಾನ್ಯ ದುರಸ್ತಿಯನ್ನಲ್ಲದಿದ್ದರೂ ಶಾಶ್ವತ ಸುಧಾರಣೆಯ ವೆಚ್ಚವನ್ನು ಲಾಭದ ಲೆಕ್ಕದಲ್ಲಿ ಸೇರಿಸಿಕೊಳ್ಳುವ ಅವಕಾಶವಿರುವುದರಿಂದ ರಸೀದಿಗಳನ್ನು ಜೋಪಾನವಾಗಿಡುವುದು ಒಳ್ಳೆಯದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಹಾಸಿಗೆಯೇ ಬೇಡವೆನ್ನಲಿಲ್ಲ. ಕೆಳಗಿನ ಮನೆಯ ಛಾವಣಿ ಒಣಗಿರಲಿ, ಮೇಲಿನ ಮನೆಯ ಹಿರಿಯರು ಬೆಳಗಿನ ಸ್ನಾನ ಮುಗಿಸಿ ನಿರ್ಭಯವಾಗಿ ಹೊರಬರಲಿ. ಅಷ್ಟಾದರೆ ಖರ್ಚಾದ ಹಣಕ್ಕೆ ಪ್ರತಿಫಲ ದೊರೆತಂತೆಯೇ ಸರಿ.